ರಾತ್ರಿಯ ಲಾಗ್ ಬೆಳಗ್ಗೆ ಇರುತ್ತಿರಲಿಲ್ಲ: ಒಂದು ಸಹಕಾರ ಸಂಘದ ಸರ್ವರ್ ಪ್ರಕರಣ

"ಸಾರ್, ಮತ್ತೆ ನಿಂತಿದೆ. ಬಟನ್ ಒತ್ತಿ ಹಿಡೀಲಾ?"

2023ರ ಜೂನ್‌ನಲ್ಲಿ ಈ ಫೋನ್ ನನಗೆ ಮೂರನೇ ಸಲ ಬಂದಿತ್ತು. ಕ್ಯಾಷಿಯರ್ ಮೇಡಂ ಬೆಳಗ್ಗೆ ಒಂಬತ್ತೂವರೆಗೆ ಬಾಗಿಲು ತೆಗೆದು ಒಳಗೆ ಹೋಗುತ್ತಾರೆ, ಸರ್ವರ್ ಕಲ್ಲಾಗಿ ಕೂತಿರುತ್ತದೆ. ಹೊರಗೆ ಪಿಗ್ಮಿ ಕಲೆಕ್ಟರ್‌ಗಳು ಕಾಯುತ್ತಿರುತ್ತಾರೆ. ಪವರ್ ಬಟನ್ ಐದಾರು ಸೆಕೆಂಡ್ ಒತ್ತಿ ಹಿಡಿದು, ಆಫ್ ಮಾಡಿ ಆನ್ ಮಾಡಿದರೆ ಏನೂ ಆಗೇ ಇಲ್ಲವೇನೋ ಅನ್ನೋ ಹಾಗೆ ಎದ್ದು ಕೂರುತ್ತದೆ. ನಾಲ್ಕು ದಿನ ಸರಿ ಇರುತ್ತದೆ, ಮತ್ತೆ ಒಂದು ರಾತ್ರಿ ಅದೇ ಕಥೆ.

ಮಲೆನಾಡಿನ ಒಂದು ತಾಲ್ಲೂಕು ಊರಿನ ಪತ್ತಿನ ಸಹಕಾರ ಸಂಘ ಇದು. ಮುಖ್ಯ ಕಚೇರಿ ಒಂದು, ಶಾಖೆ ಎರಡು. ಲೆಕ್ಕದ ಸಾಫ್ಟ್‌ವೇರ್, ಅದರ ಡೇಟಾಬೇಸ್ ಎಲ್ಲವೂ ಒಂದೇ ಮಷೀನಿನಲ್ಲಿ. ಎಲ್ಲರೂ ಅದನ್ನು ಸರ್ವರ್ ಅನ್ನುತ್ತಾರೆ. ನೋಡಿದರೆ ಅದು ಹದಿನಾರು ಜಿಬಿ ರ‍್ಯಾಮ್, ಒಂದೇ ಒಂದು ಎಸ್‌ಎಸ್‌ಡಿ ಇರುವ ಟವರ್ ಪಿಸಿ. ಅದರಲ್ಲಿ ಅಲ್ಮಾಲಿನಕ್ಸ್ 8 ಅನ್ನೋ ಲಿನಕ್ಸ್ ಆಪರೇಟಿಂಗ್ ಸಿಸ್ಟಮ್ ಓಡುತ್ತಿತ್ತು. ಹಳೆ ಸಪೋರ್ಟಿನವರು ಬಿಟ್ಟು ಹೋದ ಮೇಲೆ ನನ್ನ ಕೈಗೆ ಬಂದಿತ್ತು.

ಮಷೀನ್ ಮಾರಿದವರು ಅಷ್ಟರಲ್ಲಿ ಬಂದು ನೋಡಿ, ಮದರ್‌ಬೋರ್ಡೇ ಹೋಗಿದೆ, ಹೊಸ ಸರ್ವರ್ ತಗೊಳ್ಳಿ ಅಂತ ಕೊಟೇಷನ್ ಕೊಟ್ಟು ಹೋಗಿದ್ದರು. ಕಾರ್ಯದರ್ಶಿಯವರು ಅದನ್ನು ಮುಂದಿನ ಆಡಳಿತ ಮಂಡಳಿ ಸಭೆಗೆ ಇಡಲು ತಯಾರಾಗಿದ್ದರು. "ನೀವು ಒಂದು ಮಾತು ಹೇಳಿ, ಬೋರ್ಡಾ ಅಲ್ವಾ?" ಅಂದರು. ನಾನು ಲಾಗ್, ಅಂದರೆ ಮಷೀನ್ ತನ್ನೊಳಗೆ ನಡೆದದ್ದನ್ನು ಬರೆದಿಡುವ ದಿನಚರಿ, ನೋಡಿ ಹೇಳುತ್ತೇನೆ ಅಂದೆ. ಸುಲಭದ ಮಾತು ಅಂದುಕೊಂಡಿದ್ದೆ.

ಹಿಂದಿನ ಬೂಟ್‌ನ, ಅಂದರೆ ಹಿಂದಿನ ಸಲ ಆನ್ ಆಗಿದ್ದಾಗಿನ, ಲಾಗ್ ತೋರಿಸು ಅಂತ ಲಾಗ್ ಓದುವ ಜರ್ನಲ್‌ಸಿಟಿಎಲ್ ಕಮಾಂಡಿಗೆ ಕೇಳಿದರೆ, ಉಳಿಸಿಟ್ಟ ಜರ್ನಲ್ ಯಾವುದೂ ಇಲ್ಲ ಅಂತ ಒಂದು ಸಾಲು ಉತ್ತರ ಬಂತು. ಬೂಟ್‌ಗಳ ಪಟ್ಟಿ ಕೇಳಿದರೆ ಒಂದೇ ಒಂದು ಬೂಟ್, ಅದೂ ಇವತ್ತು ಬೆಳಗ್ಗಿನದು. ಆ ಮಷೀನ್ ಪ್ರಕಾರ ಅದು ಹುಟ್ಟಿದ್ದೇ ಇವತ್ತು 9:41ಕ್ಕೆ.

ಕಾರಣ ಗೊತ್ತಾಗಲು ಹೆಚ್ಚು ಹೊತ್ತು ಬೇಕಾಗಲಿಲ್ಲ. ಲಿನಕ್ಸಿನ ಸರ್ವಿಸ್‌ಗಳನ್ನು ನಡೆಸುವುದು ಸಿಸ್ಟಮ್‌ಡಿ, ಅದರ ಲಾಗ್ ಬರೆಯುವ ಭಾಗ ಜರ್ನಲ್‌ಡಿ. ಜರ್ನಲ್‌ಡಿಗೆ ಸ್ಟೋರೇಜ್ ಅಂತ ಒಂದು ಸೆಟಿಂಗ್ ಇದೆ. ಅದು ಆಟೋ ಅಂತ ಇದ್ದರೆ ಜರ್ನಲ್‌ಡಿ ಒಂದನ್ನು ಮಾತ್ರ ನೋಡುತ್ತದೆ: /ವಾರ್/ಲಾಗ್/ಜರ್ನಲ್ ಅನ್ನೋ ಡೈರೆಕ್ಟರಿ ಇದೆಯಾ? ಇದ್ದರೆ ಡಿಸ್ಕಿಗೆ ಬರೆಯುತ್ತದೆ. ಇಲ್ಲದಿದ್ದರೆ /ರನ್ ಒಳಗೆ ಬರೆಯುತ್ತದೆ. /ರನ್ ಅಂದರೆ ರ‍್ಯಾಮ್. ಪವರ್ ಹೋದರೆ ಅದೂ ಹೋಯಿತು. ಅಲ್ಮಾಲಿನಕ್ಸ್ ಸೇರಿದ ರೆಡ್‌ಹ್ಯಾಟ್ ಬಳಗದ ಈ ಲಿನಕ್ಸ್‌ಗಳಲ್ಲಿ ಆ ಡೈರೆಕ್ಟರಿ ಮೊದಲಿಗೆ ಇರುವುದಿಲ್ಲ. ಅದೇನೂ ತಪ್ಪಲ್ಲ. ಆರ್‌ಸಿಸ್‌ಲಾಗ್ ಅನ್ನೋ ಇನ್ನೊಂದು ಲಾಗ್ ಸರ್ವಿಸ್ ಜರ್ನಲ್‌ಡಿಯಿಂದ ಲಾಗ್ ತೆಗೆದುಕೊಂಡು /ವಾರ್/ಲಾಗ್/ಮೆಸೇಜಸ್ ಫೈಲಿಗೆ ಬರೆದಿಡುತ್ತದೆ ಅನ್ನೋ ನಂಬಿಕೆ ಮೇಲೆ ಹಾಗೆ ಬಿಟ್ಟಿರುತ್ತಾರೆ.

ಇಲ್ಲಿ ಆರ್‌ಸಿಸ್‌ಲಾಗನ್ನು ಯಾರೋ ನಿಲ್ಲಿಸಿಬಿಟ್ಟಿದ್ದರು. ಹಳೆ ಸಪೋರ್ಟಿನವರನ್ನು ಕೇಳಿದರೆ ನಗುತ್ತಾ ಒಪ್ಪಿಕೊಂಡರು. ಲೆಕ್ಕದ ಸಾಫ್ಟ್‌ವೇರ್ ಪ್ರತಿ ಚಿಕ್ಕ ಹೆಜ್ಜೆಯನ್ನೂ ಲಾಗಿಗೆ ಬರೆಯುವ ಡೀಬಗ್ ಮೋಡ್‌ನಲ್ಲಿ ಇತ್ತಂತೆ, ಮೆಸೇಜಸ್ ಫೈಲ್ ಬೆಳೆದು ಬೆಳೆದು ಡಿಸ್ಕ್ ತುಂಬಿ ಡೇಟಾಬೇಸ್ ನಿಂತುಹೋಗಿತ್ತಂತೆ. ಅದಕ್ಕೆ ಸರ್ವಿಸನ್ನೇ ಡಿಸೇಬಲ್ ಮಾಡಿದರಂತೆ. ಇಲಿ ಬಂತು ಅಂತ ಬೆಕ್ಕನ್ನೇ ಓಡಿಸಿದ ಹಾಗೆ. ಬೈಯಲು ಮನಸ್ಸಾಗಲಿಲ್ಲ. ಡಿಸ್ಕ್ ತುಂಬಿ ಕೌಂಟರ್ ನಿಂತಿರುವಾಗ, ಹಿಂದೆ ಕಾರ್ಯದರ್ಶಿಯವರು ನಿಂತಿರುವಾಗ, ನಾನಿದ್ದರೂ ಬಹುಶಃ ಅದನ್ನೇ ಮಾಡುತ್ತಿದ್ದೆ. ಆದರೆ ಆಮೇಲೆ ವಾಪಸ್ ಬಂದು ಸರಿ ಮಾಡಬೇಕಿತ್ತು, ಅಷ್ಟೇ.

ಮೊದಲು ಆ ಸಾಫ್ಟ್‌ವೇರಿನ ಡೀಬಗ್ ಆಫ್ ಮಾಡಿಸಿದೆ. ಅದಕ್ಕೆ ಆ ಕಂಪನಿಗೆ ಮೂರು ಫೋನ್ ಬೇಕಾಯಿತು. ಆಮೇಲೆ /ವಾರ್/ಲಾಗ್/ಜರ್ನಲ್ ಡೈರೆಕ್ಟರಿ ಮಾಡಿದೆ, ಅನುಮತಿಗಳು ಸರಿಯಾಗಿ ಕೂರಲಿ ಅಂತ ಸಿಸ್ಟಮ್‌ಡಿ ಟೆಂಪ್‌ಫೈಲ್ಸ್ ಕಮಾಂಡ್ ಒಂದು ಸಲ ಓಡಿಸಿದೆ, ಮನೆಗೆ ಬಂದೆ.

ಮೂರನೇ ರಾತ್ರಿ ಸರ್ವರ್ ಮತ್ತೆ ನಿಂತಿತು. ಲಾಗ್ ಇರಲಿಲ್ಲ!

ಡೈರೆಕ್ಟರಿ ಮಾಡಿದ್ದೆ, ಆದರೆ ಅದನ್ನು ಜರ್ನಲ್‌ಡಿಗೆ ಹೇಳಿರಲಿಲ್ಲ. ಓಡುತ್ತಿರುವ ಜರ್ನಲ್‌ಡಿ ತಾನಾಗಿ ಜಾಗ ಬದಲಾಯಿಸುವುದಿಲ್ಲ. ಅದನ್ನು ರೀಸ್ಟಾರ್ಟ್ ಮಾಡಿ, ರ‍್ಯಾಮಿನಲ್ಲಿ ಇರುವುದನ್ನು ಡಿಸ್ಕಿಗೆ ಇಳಿಸು ಅಂತ ಫ್ಲಶ್ ಕಮಾಂಡ್ ಕೊಡಬೇಕು. ನಾನು ಎರಡೂ ಮಾಡಿರಲಿಲ್ಲ. ತಮಾಷೆ ನೋಡಿ, ಮೇಡಂ ಬಟನ್ ಒತ್ತಿ ಮಷೀನ್ ಮತ್ತೆ ಎಬ್ಬಿಸಿದರಲ್ಲ, ನಾನು ಬಿಟ್ಟ ಕೆಲಸವನ್ನು ಆ ರೀಬೂಟೇ ಮುಗಿಸಿತು. ಅಲ್ಲಿಂದ ಲಾಗ್ ಡಿಸ್ಕಿನಲ್ಲಿ ಉಳಿಯತೊಡಗಿತು. ಈಗ ನಾನು ಆಟೋ ನಂಬುವುದಿಲ್ಲ. ಜರ್ನಲ್‌ಡಿಯ ಹೆಚ್ಚುವರಿ ಸೆಟಿಂಗ್‌ಗಳ ಡ್ರಾಪ್-ಇನ್ ಡೈರೆಕ್ಟರಿಯಲ್ಲಿ ನನ್ನದೇ ಒಂದು ಚಿಕ್ಕ ಫೈಲ್ ಇಟ್ಟು ಸ್ಟೋರೇಜ್=ಪರ್ಸಿಸ್ಟೆಂಟ್ (ಡಿಸ್ಕಿನಲ್ಲೇ ಉಳಿಸು) ಅಂತ ಬಾಯಿಬಿಟ್ಟು ಹೇಳುತ್ತೇನೆ. ಮುಖ್ಯ ಫೈಲನ್ನು ಮುಟ್ಟುವುದಿಲ್ಲ.

ಜೂನ್ ಕೊನೆಗೆ ಮುಂದಿನ ಸಲ ನಿಂತಾಗ ನನ್ನ ಹತ್ತಿರ ಲಾಗ್ ಇತ್ತು. ಖುಷಿಯಿಂದ ತೆರೆದೆ. ರಾತ್ರಿ 2 ಗಂಟೆಗೆ ಬ್ಯಾಕಪ್ ಶುರುವಾದ ಸಾಲು ಇದೆ. ಆಮೇಲೆ ಏನೇನೋ ಮಾಮೂಲಿ ಸಾಲುಗಳು. 2:09ರ ಹೊತ್ತಿಗೆ ಲಾಗ್ ನಿಂತುಹೋಗಿದೆ. ಎರರ್ ಇಲ್ಲ, ವಾರ್ನಿಂಗ್ ಇಲ್ಲ. ಮಾತಾಡುತ್ತಾ ಇದ್ದವರು ವಾಕ್ಯದ ನಡುವೆ ಸುಮ್ಮನಾದ ಹಾಗೆ.

ಜರ್ನಲ್‌ಡಿ ಬರೆದದ್ದನ್ನೆಲ್ಲ ಕೂಡಲೇ ಡಿಸ್ಕಿಗೆ ಗಟ್ಟಿಯಾಗಿ ಇಳಿಸುವುದಿಲ್ಲ. ಡೀಫಾಲ್ಟ್ ಆಗಿ ಐದು ನಿಮಿಷಕ್ಕೊಮ್ಮೆ ಸಿಂಕ್ ಮಾಡುತ್ತದೆ. ಕ್ರಿಟಿಕಲ್, ಅಲರ್ಟ್, ಎಮರ್ಜೆನ್ಸಿ ಮಟ್ಟದ ಮೆಸೇಜ್ ಬಂದರೆ ಮಾತ್ರ ತಕ್ಷಣ. ಅಂದರೆ ಬಟನ್ ಒತ್ತಿ ಕೊಂದ ಮಷೀನಿನಲ್ಲಿ ಕೊನೆಯ ಕೆಲವು ನಿಮಿಷದ ಮಾತು ಸಿಗದೆ ಹೋಗಬಹುದು. ನಮಗೆ ಬೇಕಾಗಿದ್ದದ್ದೇ ಆ ಕೊನೆಯ ನಿಮಿಷಗಳು. ಜರ್ನಲ್ ಫೈಲುಗಳ ಪಟ್ಟಿ ನೋಡಿದಾಗ ಒಂದರ ಹೆಸರಿನ ಕೊನೆಗೆ ಅಲೆಯಂಥ ಟಿಲ್ಡೆ ಗುರುತು ಬಿದ್ದಿತ್ತು. ಸರಿಯಾಗಿ ಮುಚ್ಚದೆ ಬಿಟ್ಟ ಫೈಲನ್ನು ಜರ್ನಲ್‌ಡಿ ಹಾಗೆ ಪಕ್ಕಕ್ಕೆ ಸರಿಸಿ ಹೊಸದು ಶುರು ಮಾಡುತ್ತದೆ. ಒಳಗಿನ ಹಳೆ ಸಾಲುಗಳನ್ನು ಸಾಮಾನ್ಯವಾಗಿ ಓದಬಹುದು, ಗಾಬರಿ ಬೇಡ.

ಸಿಂಕ್ ಸಮಯವನ್ನು ಮೂವತ್ತು ಸೆಕೆಂಡಿಗೆ ಇಳಿಸಿದೆ. ಮುಂದಿನ ಸಲವೂ ಅಷ್ಟೇ, ಲಾಗ್ ಏನೂ ಹೇಳದೆ ನಿಂತಿತು.

ಒಂದು ದಿನ ಮೇಡಂ ಬಟನ್ ಒತ್ತುವ ಮುಂಚೆ ನಾನೇ ಅಲ್ಲಿಗೆ ಹೋದೆ. ಮಾನಿಟರಿನಲ್ಲಿ ಲಾಗಿನ್ ಸ್ಕ್ರೀನ್ ಇದೆ. ಹೆಸರು ಟೈಪ್ ಮಾಡಬಹುದು, ಎಂಟರ್ ಒತ್ತಿದರೆ ಮುಂದಕ್ಕೆ ಹೋಗುವುದಿಲ್ಲ. ಪಕ್ಕದ ಕಂಪ್ಯೂಟರಿನಿಂದ ಪಿಂಗ್ ಮಾಡಿದೆ, ಅಂದರೆ ಇದ್ದೀಯಾ ಅಂತ ನೆಟ್‌ವರ್ಕಿನಲ್ಲಿ ಕೇಳಿದೆ. ಪಿಂಗ್ ಬರುತ್ತಿದೆ!

ಪಿಂಗ್ ಬರುತ್ತಿದೆ ಅಂದರೆ ಆಪರೇಟಿಂಗ್ ಸಿಸ್ಟಮಿನ ತಿರುಳಾದ ಕರ್ನಲ್ ಬದುಕಿದೆ, ನೆಟ್‌ವರ್ಕ್ ಬದುಕಿದೆ. ಡಿಸ್ಕಿನಿಂದ ಏನಾದರೂ ಓದಬೇಕಾದ ಕೆಲಸ ಬಂದಾಗ ಮಾತ್ರ ಎಲ್ಲ ಸಿಕ್ಕಿಹಾಕಿಕೊಳ್ಳುತ್ತಿದೆ. ಹಾಗಾದರೆ ಡಿಸ್ಕೇ ಕೈಕೊಡುತ್ತಿರಬೇಕು. ಕೈಕೊಡುತ್ತಿದ್ದರೆ, ಕೈಕೊಟ್ಟ ಸುದ್ದಿಯನ್ನು ಜರ್ನಲ್‌ಡಿ ಎಲ್ಲಿಗೆ ಬರೆಯಬೇಕು? ಅದೇ ಡಿಸ್ಕಿಗೆ. ಅದಕ್ಕೇ 2:09ರ ನಂತರ ಮೌನ. ಮೊದಲು ಲಾಗ್ ರ‍್ಯಾಮಿನಲ್ಲಿ ಇತ್ತು, ಪವರ್ ಹೋದಾಗ ಹೋಯಿತು. ಈಗ ಡಿಸ್ಕಿನಲ್ಲಿದೆ, ಡಿಸ್ಕ್ ಹೋದಾಗ ಹೋಗುತ್ತಿದೆ. ಎರಡು ಸಲವೂ ಸಾಕ್ಷಿಯನ್ನು ಅಪಘಾತ ಆಗುವ ವಾಹನದಲ್ಲೇ ಕೂರಿಸಿದ್ದೆ.

ಇಲ್ಲಿ ನನ್ನ ಒಂದು ಬೇಜವಾಬ್ದಾರಿ ಹೇಳಬೇಕು. ಜೂನ್‌ನಲ್ಲೇ ಸ್ಮಾರ್ಟ್‌ಸಿಟಿಎಲ್ ಹಾಕಿ ಡಿಸ್ಕಿನ ಆರೋಗ್ಯ ನೋಡಿದ್ದೆ. "ಪಾಸ್ಡ್" ಅಂತ ಬಂತು, ಮುಚ್ಚಿಟ್ಟೆ. ಕೆಳಗಿರುವ ಟೇಬಲ್ ಓದಲಿಲ್ಲ. ಓದಿದ್ದರೆ ಈ ಬರಹದ ಅರ್ಧ ಇರುತ್ತಿರಲಿಲ್ಲ.

ಈಗ ಲಾಗ್ ಮಷೀನಿನಿಂದ ಹೊರಗೆ ಹೋಗಬೇಕಿತ್ತು. ಸಂಘದ ಹಿಂದಿನ ಕೋಣೆಯಲ್ಲಿ ಮೂಲೆಗೆ ಬಿದ್ದಿದ್ದ ಹಳೆ ಡೆಸ್ಕ್‌ಟಾಪ್ ಒಂದಿತ್ತು. ಅದನ್ನು ಒರೆಸಿ ಅದಕ್ಕೂ ಅಲ್ಮಾಲಿನಕ್ಸ್ ಹಾಕಿ, ಆರ್‌ಸಿಸ್‌ಲಾಗ್‌ನಲ್ಲಿ ಲಾಗ್ ಸ್ವೀಕರಿಸುವ ಹಾಗೆ ಮಾಡಿ, ಸರ್ವರ್ ಪಕ್ಕದಲ್ಲೇ ಇಟ್ಟೆ. ಟೀ ತಂದ ಅಟೆಂಡರ್ ವೈರುಗಳನ್ನು ನೋಡುತ್ತಾ ನಿಂತರು.

"ಇದ್ಯಾಕೆ ಸಾರ್ ಎರಡನೇದು?"

"ಅದು ಸತ್ತರೆ ಹೇಗೆ ಸತ್ತಿತು ಅಂತ ಇದು ಬರೆದಿಟ್ಟುಕೊಳ್ಳುತ್ತೆ."

"ಎರಡಕ್ಕೂ ಒಂದೇ ಯುಪಿಎಸ್ ಹಾಕಿದೀರಲ್ಲ. ಯುಪಿಎಸ್ಸೇ ಹೋದ್ರೆ ಬರ‍್ಯೋರು ಯಾರು?"

ಜುಲೈ ತಿಂಗಳು. ಹೊರಗೆ ಮಳೆ ಹೊಡೆಯುತ್ತಿತ್ತು, ಕರೆಂಟ್ ದಿನಕ್ಕೆ ಎಷ್ಟು ಸಲ ಹೋಗುತ್ತಿತ್ತು ಅಂತ ಲೆಕ್ಕ ಇಟ್ಟವರು ಯಾರೂ ಇಲ್ಲ. ಅವರ ಮಾತಿಗೆ ನನ್ನ ಹತ್ತಿರ ಉತ್ತರ ಇರಲಿಲ್ಲ. ಡೆಸ್ಕ್‌ಟಾಪನ್ನು ಎತ್ತಿ ಕಾರ್ಯದರ್ಶಿಯವರ ಕೋಣೆಗೆ ಒಯ್ದು ಅಲ್ಲಿನ ಬೇರೆ ಯುಪಿಎಸ್‌ಗೆ ಹಾಕಿದೆ. ನಡುವಿನ ನೆಟ್‌ವರ್ಕ್ ಸ್ವಿಚ್ಚನ್ನೂ ಅದೇ ಯುಪಿಎಸ್‌ಗೆ ತಂದೆ.

ಕಳಿಸುವ ಕಡೆಯ ಕೆಲಸ ಸ್ವಲ್ಪ ಸೂಕ್ಷ್ಮ. ರೆಡ್‌ಹ್ಯಾಟ್ ಬಳಗದಲ್ಲಿ ಆರ್‌ಸಿಸ್‌ಲಾಗ್ ಡೀಫಾಲ್ಟ್ ಆಗಿ ಐಎಮ್‌ಜರ್ನಲ್ ಅನ್ನೋ ಮಾಡ್ಯೂಲ್ ಬಳಸುತ್ತದೆ. ಅದು ಜರ್ನಲ್ ಫೈಲುಗಳನ್ನು ಓದಿ ಅಲ್ಲಿಂದ ಲಾಗ್ ತೆಗೆದುಕೊಳ್ಳುತ್ತದೆ. ಮಾಮೂಲಿ ದಿನಗಳಿಗೆ ಅದು ಒಳ್ಳೆಯದೇ. ನನ್ನ ಪ್ರಕರಣಕ್ಕೆ ಮಾತ್ರ ವಿಷ. ಯಾಕೆಂದರೆ ಆ ಜರ್ನಲ್ ಫೈಲ್ ಇರುವುದೇ ಸಾಯುವ ಡಿಸ್ಕಿನಲ್ಲಿ. ಡಿಸ್ಕ್ ಬರೆಸಿಕೊಳ್ಳದಿದ್ದರೆ ಫೈಲಿನಲ್ಲಿ ಹೊಸ ಸಾಲು ಇಲ್ಲ, ಫೈಲಿನಲ್ಲಿ ಇಲ್ಲದ ಸಾಲು ಆಚೆ ಮಷೀನಿಗೂ ಹೋಗುವುದಿಲ್ಲ. ಸುಮ್ನೆ ಫಾರ್ವರ್ಡಿಂಗ್ ಆನ್ ಮಾಡಿದ್ದರೆ ಮತ್ತೊಂದು ತಿಂಗಳು ತಲೆ ಕೆರೆದುಕೊಳ್ಳುತ್ತಿದ್ದೆ.

ಅದಕ್ಕೆ ಐಎಮ್‌ಜರ್ನಲ್ ತೆಗೆದೆ. ಜರ್ನಲ್‌ಡಿಯಲ್ಲಿ ಫಾರ್ವರ್ಡ್-ಟು-ಸಿಸ್‌ಲಾಗ್ ಸೆಟಿಂಗನ್ನು ಯೆಸ್ ಮಾಡಿ, ಪ್ರೋಗ್ರಾಮ್‌ಗಳ ಮೆಸೇಜ್ ಸಾಕೆಟ್ ಮೂಲಕ ನೇರ ಆರ್‌ಸಿಸ್‌ಲಾಗ್‌ಗೆ ಬರುವ ಹಾಗೆ ಮಾಡಿದೆ. ಕರ್ನಲ್ ಮೆಸೇಜ್‌ಗಳಿಗೆ ಐಎಮ್‌ಕೆಲಾಗ್ ಅನ್ನೋ ಮಾಡ್ಯೂಲ್ ಹಾಕಿದೆ. ಅದು ಜರ್ನಲ್‌ಡಿಯನ್ನೂ ಕೇಳುವುದಿಲ್ಲ, ಕರ್ನಲ್‌ನ ಬಾಯಿಂದಲೇ ನೇರ ಕೇಳಿಸಿಕೊಳ್ಳುತ್ತದೆ. ಇನ್ನು ಆ ಸರ್ವರಿನ ಆರ್‌ಸಿಸ್‌ಲಾಗ್‌ನಿಂದ ಲೋಕಲ್ ಫೈಲ್ ಬರೆಯುವ ಸಾಲುಗಳನ್ನೆಲ್ಲ ಕಿತ್ತು ಹಾಕಿದೆ. ಲೋಕಲ್‌ಗೆ ಜರ್ನಲ್ ಇದೆಯಲ್ಲ. ಆರ್‌ಸಿಸ್‌ಲಾಗ್‌ಗೆ ಅಲ್ಲಿ ಕಳಿಸುವುದೊಂದೇ ಕೆಲಸ, ದಾರಿಯಲ್ಲಿ ಎಲ್ಲೂ ಅದು ಡಿಸ್ಕಿಗಾಗಿ ಕಾಯುತ್ತಾ ನಿಲ್ಲಬಾರದು.

ನೆಟ್‌ವರ್ಕಿನಲ್ಲಿ ಕಳಿಸುವುದು ಯಾವ ಬಗೆಯಲ್ಲಿ, ಯುಡಿಪಿನಾ, ಟಿಸಿಪಿನಾ? ಲಾಗ್ ಕಳಿಸುವ ಹಳೆ ಪದ್ಧತಿಯಾದ ಸಿಸ್‌ಲಾಗ್‌ನ ರೂಢಿ ಯುಡಿಪಿ, ಪೋರ್ಟ್ 514. ಕಳಿಸಿದವರಿಗೆ ತಲುಪಿತೋ ಇಲ್ಲವೋ ಗೊತ್ತಾಗುವುದಿಲ್ಲ, ಕಳೆದುಹೋದರೆ ಹೋಯಿತು. ತಲುಪಿದ್ದನ್ನು ಖಚಿತ ಮಾಡಿಕೊಳ್ಳುವ ಟಿಸಿಪಿಯನ್ನು ನಾನು ತಗೊಂಡೆ. ಆರ್‌ಸಿಸ್‌ಲಾಗ್‌ನ ಹಳೆ ಬರವಣಿಗೆಯಲ್ಲಿ ಒಂದು ಅಟ್ (@) ಗುರುತು ಹಾಕಿದರೆ ಯುಡಿಪಿ, ಎರಡು ಹಾಕಿದರೆ ಟಿಸಿಪಿ. ಆದರೆ ಬರೀ ಟಿಸಿಪಿ ಹಾಕಿ ಬಿಟ್ಟರೆ ಇನ್ನೊಂದು ಅಪಾಯ ಇದೆ. ಆಚೆ ಮಷೀನ್ ಆಫ್ ಇದ್ದಾಗ ಈಚೆ ಲಾಗ್ ಕಟ್ಟಿಕೊಳ್ಳುತ್ತದೆ. ಅದಕ್ಕೇ ಕಳಿಸುವ ಆಕ್ಷನ್‌ಗೆ ಅದರದೇ ಒಂದು ಕ್ಯೂ ಕೊಟ್ಟೆ. ಮೊದಲು ರ‍್ಯಾಮಿನಲ್ಲಿ ಸಾಲು ನಿಲ್ಲುತ್ತದೆ, ಮಿತಿ ದಾಟಿದರೆ ಮಾತ್ರ ಡಿಸ್ಕಿಗೆ ಹೋಗುತ್ತದೆ. ಮತ್ತೆ ಪ್ರಯತ್ನಿಸುವ ಲೆಕ್ಕಕ್ಕೆ ಮೈನಸ್ ಒಂದು ಕೊಟ್ಟೆ, ಅಂದರೆ ತಲುಪುವ ತನಕ ಬಿಡಬೇಡ ಅಂತ. ಟಿಸಿಪಿ ಕೂಡ ನೂರಕ್ಕೆ ನೂರು ಅಲ್ಲ. ಕನೆಕ್ಷನ್ ಹರಿದ ಕ್ಷಣದಲ್ಲಿ ಬಫರಿನಲ್ಲಿ ಇದ್ದ ಕೆಲವು ಸಾಲು ಹೋಗಬಹುದು. ಅದೂ ಬೇಡ ಅನ್ನುವವರಿಗೆ ರೆಲ್ಪ್ ಅನ್ನೋ ಪ್ರೋಟೋಕಾಲ್ ಇದೆ. ಒಂದೇ ಕಟ್ಟಡದೊಳಗಿನ ನಮ್ಮ ಕೆಲಸಕ್ಕೆ ಇಷ್ಟು ಸಾಕು ಅನ್ನಿಸಿತು.

ಪೋರ್ಟ್ 30514 ಆರಿಸಿದೆ. ಫೈರ್‌ವಾಲ್ ತೆರೆದೆ. ಆದರೂ ಸ್ವೀಕರಿಸುವ ಕಡೆ ಆರ್‌ಸಿಸ್‌ಲಾಗ್ ಆ ಪೋರ್ಟ್ ಹಿಡಿಯಲೇ ಇಲ್ಲ. ಲಿನಕ್ಸಿನ ಭದ್ರತಾ ಕಾವಲುಗಾರ ಎಸ್‌ಇಲಿನಕ್ಸ್ ಅಡ್ಡ ನಿಂತಿತ್ತು, ಆ ನಂಬರ್ ಸಿಸ್‌ಲಾಗ್‌ನದು ಅಂತ ಅದಕ್ಕೆ ಗೊತ್ತಿಲ್ಲ. ಇಂಥ ಹೊತ್ತಿನಲ್ಲಿ ಎಸ್‌ಇಲಿನಕ್ಸ್ ಆಫ್ ಮಾಡಿ ಅಂತ ಸಲಹೆ ಕೊಡುವವರು ಬಹಳ ಜನ. ಬೇಡ. ಅದರದೇ ಸೆಮ್ಯಾನೇಜ್ ಕಮಾಂಡಿನಲ್ಲಿ ಒಂದು ಸಾಲು ಬರೆದು ಆ ಪೋರ್ಟನ್ನು ಸೇರಿಸಿದರೆ ಮುಗಿಯಿತು. ಈ ಕಡೆಯಿಂದ ಲಾಗರ್ ಕಮಾಂಡಿನಲ್ಲಿ "ಕೇಳಿಸ್ತಿದೆಯಾ" ಅಂತ ಕಳಿಸಿದೆ. ಆ ಕಡೆ ಬಂತು.

ಬಂತು, ಆದರೆ 2019ರ ಫೈಲಿನೊಳಗೆ. ಹಳೆ ಡೆಸ್ಕ್‌ಟಾಪಿನ ಮದರ್‌ಬೋರ್ಡಿನ ಗುಂಡು ಬ್ಯಾಟರಿ ಸತ್ತಿತ್ತು, ಗಡಿಯಾರ ಹಿಂದಕ್ಕೆ ಓಡಿತ್ತು. ನಾನು ಫೈಲಿನ ಹೆಸರಿಗೆ ಸ್ವೀಕರಿಸುವ ಮಷೀನಿನ ತಾರೀಖು ಹಾಕಿದ್ದೆ. ಒಳಗಿನ ಸಾಲು ನೋಡಿ ವರ್ಷ ತಿಳಿಯೋಣ ಅಂದರೆ ಆ ಸಾಲುಗಳಲ್ಲಿ ವರ್ಷವೇ ಇಲ್ಲ! 1980ರ ದಶಕದಲ್ಲಿ ಎರಿಕ್ ಆಲ್ಮನ್ ಸೆಂಡ್‌ಮೇಲ್ ಅನ್ನೋ ಮೇಲ್ ಸಾಫ್ಟ್‌ವೇರ್ ಜೊತೆಗೆ ಕಟ್ಟಿದ ಸಿಸ್‌ಲಾಗ್‌ನಿಂದ ಬಂದ ರೂಢಿ ಅದು. ತಿಂಗಳು, ದಿನ, ಗಂಟೆ ಇರುತ್ತವೆ. ವರ್ಷವೂ ಇಲ್ಲ, ಟೈಮ್‌ಝೋನೂ ಇಲ್ಲ. 2001ರ ಆರ್‌ಎಫ್‌ಸಿ 3164 ಅನ್ನೋ ಇಂಟರ್‌ನೆಟ್ ದಾಖಲೆ ಆ ರೂಢಿಯನ್ನು ಇದ್ದ ಹಾಗೇ ಬರೆದಿಟ್ಟಿತು. ವರ್ಷ, ಟೈಮ್‌ಝೋನ್ ಎರಡೂ ಇರುವ ಪೂರ್ತಿ ಸಮಯ ಸಿಕ್ಕಿದ್ದು 2009ರ ಆರ್‌ಎಫ್‌ಸಿ 5424ರಲ್ಲಿ. ಕಳಿಸುವ ಟೆಂಪ್ಲೇಟನ್ನು ಆ ಹೊಸ ಬಗೆಗೆ ಬದಲಾಯಿಸಿದೆ, ಎರಡೂ ಕಡೆ ಕ್ರೋನಿ ಹಾಕಿ ಗಡಿಯಾರ ಸರಿ ಮಾಡಿದೆ, ಬ್ಯಾಟರಿಯನ್ನೂ ಬದಲಾಯಿಸಿದೆ.

ಆರು ರಾತ್ರಿ ಏನೂ ಆಗಲಿಲ್ಲ. ಇಷ್ಟೆಲ್ಲ ಮಾಡಿದ ಮೇಲೆ ಮಷೀನ್ ನಿಲ್ಲಲಿ ಅಂತ ಕಾಯುವುದು ಎಂಥ ಸ್ಥಿತಿ ನೋಡಿ. ಏಳನೇ ದಿನ ಬೆಳಗ್ಗೆ ಮೇಡಂ ಫೋನ್. "ನಿಂತಿದೆ ಸಾರ್." ನನಗೆ ಸಂತೋಷ ತಡೆಯಲಾಗಲಿಲ್ಲ, ಅವರಿಗೆ ಅದು ಅರ್ಥ ಆಗಲಿಲ್ಲ.

ಕಾರ್ಯದರ್ಶಿಯವರ ಕೋಣೆಯ ಹಳೆ ಡೆಸ್ಕ್‌ಟಾಪಿನಲ್ಲಿ ಎಲ್ಲವೂ ಇತ್ತು. 2:14ಕ್ಕೆ ಮೊದಲ ಸಾಲು: ಎಟಿಎ1 (ಡಿಸ್ಕ್ ಸೇರಿರುವ ಪೋರ್ಟ್), ಎಕ್ಸೆಪ್ಷನ್, ಫ್ರೋಜನ್. ಕೂಡಲೇ ರೈಟ್ ಕಮಾಂಡ್ ಫೇಲ್ ಆದ ಸಾಲು. ಆಮೇಲೆ "ಹಾರ್ಡ್ ರೀಸೆಟಿಂಗ್ ಲಿಂಕ್". ಮತ್ತೆ ಅದೇ ಸಾಲು. "ಲಿಂಕ್ ಈಸ್ ಸ್ಲೋ ಟು ರೆಸ್ಪಾಂಡ್, ಪ್ಲೀಸ್ ಬಿ ಪೇಷೆಂಟ್" ಅಂತ ಕರ್ನಲ್ ಸೌಜನ್ಯದಿಂದ ಕೇಳಿಕೊಂಡಿದೆ. ಲಿಂಕಿನ ವೇಗವನ್ನೂ ಕರ್ನಲ್ಲೇ ಇಳಿಸಿ ನೋಡಿದೆ. ಕೊನೆಗೆ ಡಿಸ್ಕನ್ನು ಡಿಸೇಬಲ್ ಮಾಡಿದೆ. ಅದರ ಬೆನ್ನಿಗೇ ಡಿಸ್ಕಿನ ಫೈಲ್‌ಸಿಸ್ಟಮ್ ಆದ ಎಕ್ಸ್‌ಎಫ್‌ಎಸ್: ಐಒ ಎರರ್, ಫೈಲ್‌ಸಿಸ್ಟಮ್ ಶಟ್‌ಡೌನ್. ಸರ್ವರಿನ ಸ್ವಂತ ಜರ್ನಲ್‌ನಲ್ಲಿ ಇವುಗಳಲ್ಲಿ ಒಂದು ಸಾಲೂ ಇರಲಿಲ್ಲ.

ಈಗ ಸ್ಮಾರ್ಟ್‌ಸಿಟಿಎಲ್‌ನ ಟೇಬಲನ್ನು ಬೆರಳಿಟ್ಟು ಓದಿದೆ. ಸೆಕ್ಟರ್‌ಗಳು ಸರಿ ಇವೆ. 199ನೇ ಸಾಲು, ಯುಡಿಎಂಎ ಸಿಆರ್‌ಸಿ ಎರರ್ ಕೌಂಟ್: 1284. ಡಿಸ್ಕಿಗೂ ಬೋರ್ಡಿಗೂ ನಡುವೆ ಓಡಾಡುವಾಗ ಡೇಟಾ ಕೆಡುತ್ತಿದ್ದರೆ ಏರುವ ಲೆಕ್ಕ ಇದು. ಸಾಮಾನ್ಯವಾಗಿ ಇದರ ಅರ್ಥ ಒಂದೇ, ಕೇಬಲ್.

ಕವರ್ ತೆಗೆದೆ. ಕೆಂಪು ಸಾಟಾ ಕೇಬಲ್. ಬೋರ್ಡಿನ ಕಡೆಯ ತುದಿಯಲ್ಲಿ ಇರಬೇಕಾದ ಲೋಹದ ಕ್ಲಿಪ್ ಮುರಿದಿತ್ತು. ಎಳೆದರೆ ಟಕ್ ಅನ್ನಬೇಕು, ಅನ್ನಲಿಲ್ಲ. ಎರಡು ಬೆರಳಲ್ಲಿ ಹಿಡಿದರೆ ಸಾಕು, ಜಾರಿ ಕೈಗೆ ಬಂತು. ಹಗಲು ಡೇಟಾಬೇಸ್‌ನ ಓಡಾಟ ಕಡಿಮೆ, ಹೇಗೋ ನಡೆಯುತ್ತಿತ್ತು. ರಾತ್ರಿ ಬ್ಯಾಕಪ್‌ನ ಭಾರ ಬಿದ್ದಾಗ ತಡೆಯುತ್ತಿರಲಿಲ್ಲ. ಪೇಟೆಯಿಂದ ಹೊಸ ಕೇಬಲ್ ತರಿಸಿದೆವು, ನೂರೈವತ್ತು ರೂಪಾಯಿ. ಕಾರ್ಯದರ್ಶಿಯವರು ಬಿಲ್ ನೋಡಿ, ಕೊಟೇಷನ್ ಕಡೆ ನೋಡಿ, ಏನೂ ಮಾತಾಡದೆ ವೋಚರ್‌ಗೆ ಸಹಿ ಹಾಕಿದರು.

ಅಲ್ಲಿಗೆ ಮುಗಿಯಬೇಕಿತ್ತು. ಆದರೆ ಲಾಗ್ ಇಡುತ್ತಿದ್ದೀವಿ ಅಂತ ಗೊತ್ತಾದ ಮೇಲೆ ಆಡಿಟರ್ ಒಂದು ಪ್ರಶ್ನೆ ಕೇಳಿದರು. "180 ದಿನದ್ದು ಇರುತ್ತಾ?" ಕೇಂದ್ರ ಸರ್ಕಾರದ ಸೈಬರ್ ಭದ್ರತಾ ಸಂಸ್ಥೆ ಸರ್ಟ್-ಇನ್ 2022ರ ಏಪ್ರಿಲ್ 28ರಂದು ಹೊರಡಿಸಿದ ನಿರ್ದೇಶನದಲ್ಲಿ ಆ ಸಂಖ್ಯೆ ಇದೆ. ಐಸಿಟಿ (ಮಾಹಿತಿ-ಸಂವಹನ ತಂತ್ರಜ್ಞಾನ) ವ್ಯವಸ್ಥೆಗಳ ಲಾಗನ್ನು 180 ದಿನ ಇಟ್ಟುಕೊಂಡಿರಬೇಕು, ಗಡಿಯಾರವನ್ನು ಎನ್‌ಐಸಿ (ರಾಷ್ಟ್ರೀಯ ಮಾಹಿತಿ ಕೇಂದ್ರ) ಅಥವಾ ಎನ್‌ಪಿಎಲ್ (ರಾಷ್ಟ್ರೀಯ ಭೌತ ಪ್ರಯೋಗಾಲಯ) ನಡೆಸುವ, ಸಮಯ ಹೇಳುವ ಎನ್‌ಟಿಪಿ ಸರ್ವರ್‌ಗಳಿಗೆ ಹೊಂದಿಸಿಕೊಂಡಿರಬೇಕು ಅಂತ. ನಾನು ಆತ್ಮವಿಶ್ವಾಸದಿಂದ ಹೌದು ಅಂದೆ. ಜರ್ನಲ್‌ಡಿಯಲ್ಲಿ ಮ್ಯಾಕ್ಸ್-ರಿಟೆನ್ಷನ್ ಅನ್ನು ಆರು ತಿಂಗಳು ಅಂತ ಬರೆದಿದ್ದೆನಲ್ಲ.

ಮನೆಗೆ ಬಂದು ಲೆಕ್ಕ ಹಾಕಿದಾಗ ನಾಲಿಗೆ ಕಚ್ಚಿಕೊಂಡೆ. ಆ ಸೆಟಿಂಗ್‌ನ ಅರ್ಥ ಆರು ತಿಂಗಳು ಉಳಿಸು ಅಂತ ಅಲ್ಲ. ಆರು ತಿಂಗಳಿಗಿಂತ ಹಳೆಯದನ್ನು ಅಳಿಸು ಅಂತ. ಅದಕ್ಕೂ ಮೊದಲೇ ಜಾಗದ ಮಿತಿ ಮುಟ್ಟಿದರೆ ಅದು ಗೆಲ್ಲುತ್ತದೆ. ಡೀಫಾಲ್ಟ್ ಮಿತಿ ಫೈಲ್‌ಸಿಸ್ಟಮ್‌ನ ಹತ್ತು ಪರ್ಸೆಂಟ್, ಅದೂ 4 ಜಿಬಿ ಮೀರುವ ಹಾಗಿಲ್ಲ. ನಮ್ಮ ಸರ್ವರ್ ಡೀಬಗ್ ಆಫ್ ಆದ ಮೇಲೂ ದಿನಕ್ಕೆ ಸುಮಾರು 40 ಎಂಬಿ ಜರ್ನಲ್ ಬರೆಯುತ್ತಿತ್ತು. 4 ಜಿಬಿ ಅಂದರೆ ನೂರು ದಿನ. ನೂರೊಂದನೇ ದಿನ ಯಾರಿಗೂ ಹೇಳದೆ ಮೊದಲ ದಿನದ್ದು ಅಳಿಯುತ್ತದೆ. 180 ದಿನಕ್ಕೆ 7.2 ಜಿಬಿ ಬೇಕು. ಸಿಸ್ಟಮ್-ಮ್ಯಾಕ್ಸ್-ಯೂಸ್ ಅನ್ನು 10 ಜಿಬಿ ಮಾಡಿದೆ. ಹಳೆ ಡೆಸ್ಕ್‌ಟಾಪಿನಲ್ಲಿ ದಿನಕ್ಕೊಂದು ಫೈಲ್, ಎರಡು ದಿನ ಹಳೆಯದಾದರೆ ಜಿಜಿಪ್ ಮಾಡಿ ಕುಗ್ಗಿಸು, 200 ದಿನ ದಾಟಿದರೆ ಅಳಿಸು ಅಂತ, ಹೊತ್ತಿಗೆ ಸರಿಯಾಗಿ ತಾನೇ ಓಡುವ ಕ್ರಾನ್ ಕೆಲಸ ಹಾಕಿದೆ. ಬರೀ ಪಠ್ಯ ಆದ್ದರಿಂದ ಜಿಜಿಪ್ ಆದ ಮೇಲೆ ನಮ್ಮಲ್ಲಿ ಹತ್ತರಲ್ಲಿ ಒಂದು ಪಾಲಿಗೆ ಇಳಿಯಿತು. ಕ್ರೋನಿಯ ಸರ್ವರ್ ಹೆಸರನ್ನೂ ಎನ್‌ಪಿಎಲ್‌ನದಕ್ಕೆ ಬದಲಾಯಿಸಿದೆ. ಆಮೇಲೆ ಆಡಿಟರ್‌ಗೆ ಫೋನ್ ಮಾಡಿ, ಮೊದಲು ಹೇಳಿದ್ದು ತಪ್ಪು, ಈಗ ಸರಿ ಇದೆ ಅಂದೆ.

ಎರಡು ಶಾಖೆಗಳ ಮಷೀನುಗಳನ್ನು ಇನ್ನೂ ಸೇರಿಸಿಲ್ಲ. ಅವುಗಳ ಲಾಗ್ ಇಂಟರ್‌ನೆಟ್ ಮೇಲೆ ಬರಬೇಕು, ಬೆತ್ತಲೆ ಟಿಸಿಪಿಯಲ್ಲಿ ತರಲು ನನಗೆ ಮನಸ್ಸಿಲ್ಲ. ಸಂದೇಶವನ್ನು ಗುಪ್ತಗೊಳಿಸಿ ಕಳಿಸುವ ಟಿಎಲ್‌ಎಸ್, ಪೋರ್ಟ್ 6514, ಸರ್ಟಿಫಿಕೇಟ್‌ಗಳ ಕೆಲಸ ಬಾಕಿ ಇದೆ.

ಅಟೆಂಡರ್ ಒಂದು ಚೀಟಿಯಲ್ಲಿ 1284 ಅಂತ ಬರೆದು ಸರ್ವರಿನ ಮೇಲೆ ಅಂಟಿಸಿದ್ದಾರೆ. ಸಿಆರ್‌ಸಿ ಲೆಕ್ಕ ಕೇಬಲ್ ಬದಲಾಯಿಸಿದ ಮಾತ್ರಕ್ಕೆ ಸೊನ್ನೆ ಆಗುವುದಿಲ್ಲ, ಇದ್ದಲ್ಲೇ ನಿಲ್ಲಬೇಕು ಅಷ್ಟೇ ಅಂತ ನಾನು ಹೇಳಿದ್ದೆ. ನಾನು ಹೋದಾಗಲೆಲ್ಲ ಕೇಳುತ್ತಾರೆ, "ಎಷ್ಟಿದೆ ಸಾರ್?" ಕಳೆದ ಸಲವೂ 1284 ಇತ್ತು.